ಮೋರ್ಯರ ಮನೆಗಳೂ ಭೂಮಧ್ಯಸಮುದ್ರದ ದ್ವೀಪಗಳೂ

ಎರಡು ಕಡೆಯಲ್ಲಿ ನೀರುಳ್ಳ ನೆಲವೇ ದ್ವೀಪವೆಂದು ನಮ್ಮ ವೈಯಾಕರಣರು ವ್ಯುತ್ಪತ್ತಿ ಹೇಳುತ್ತಾರೆ. 'ದ್ವಿ' ಶಬ್ದದ ಮುಂದೆ ಬಂದ 'ಅಪ್' ಶಬ್ದದ ಅಕಾರವು ಈಕಾರವಾಗುವುದಕ್ಕೆ ಪಾಣಿನಿಯು ಸೂತ್ರವನ್ನೇ ಮಾಡಿರುವನು. ಅಂತರೀಪ, ಸಮೀಪ ಎಂಬ ಶಬ್ದಗಳೂ ಅದೇ ಸೂತ್ರದಿಂದ ಸಿದ್ಧವಾಗುವುವು. ಹಾಗೆ ನೋಡಿದರೆ ಒಂದು ಮಗ್ಗುಲಲ್ಲಿ ಕೃಷ್ಣೆಯೂ ಇನ್ನೊಂದು ಮಗ್ಗುಲಲ್ಲಿ ಭೀಮೆಯೂ ಹರಿಯುವ ನಮ್ಮ ಸುರಪುರ ಶಹಾಪುರಗಳ ಸೀಮೆಯೂ ಒಂದು ದ್ವೀಪವೇ ಸರಿ. ಪಾರಸಿ ಬಲ್ಲವರು ಇಂಥ ನೆಲವನ್ನು 'ದೋಆಬ' ಎನ್ನುವರು. ಅಲ್ಲಿಯ 'ದೋ' ನಮ್ಮ 'ದ್ವಿ'. ಅಲ್ಲಿಯ 'ಆಬ' ನಮ್ಮ 'ಅಪ್'. ಈ ಶಬ್ದಗಳ ಬಾಂಧವ್ಯವನ್ನು ನಾವು ಕಿವಿಗೆ ಕೇಳಿಸುವ ಹೋಲಿಕೆಯೊಂದರಿಂದಲೇ ಒಪ್ಪುವುದಿಲ್ಲ. ಸಂಸ್ಕೃತದ 'ಕ್ಷಪಾ' ಪಾರಸಿಯಲ್ಲಿ 'ಶಬ್' ಆಗಿದೆ, 'ತಾಪ'ವು 'ತಾಬ್' ಆಗಿದೆ. ಸ್ವರದ ಬಳಿಕ ಬಂದ ಪಕಾರವು ಬಕಾರವಾಗುವ ಒಂದು ನಿಯಮವು ಅನೇಕ ಶಬ್ದಗಳಲ್ಲಿ ಕಾಣುವುದರಿಂದ ಒಪ್ಪುತ್ತೇವೆ. ಇದಕ್ಕೆ ವಿರುದ್ಧವಾಗಿ, 'ಬದನಾಮಿ', 'ಬದಮಾಷ' ಮೊದಲಾದ ಮಾತುಗಳಲ್ಲಿರುವ ಪಾರಸಿಯ 'ಬದ್' ಶಬ್ದಕ್ಕೂ ಇಂಗ್ಲಿಷಿನ 'ಬ್ಯಾಡ್' ಶಬ್ದಕ್ಕೂ ಉಚ್ಚಾರವು ಹತ್ತಿರ, ಅರ್ಥವು ಒಂದೇ. ಆದರೂ ಅವೆರಡಕ್ಕೂ ಸಂಬಂಧವಿಲ್ಲವೆಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ನಿಯಮವುಳ್ಳ ಹೋಲಿಕೆ ಬೇರೆ, ನಿಯಮವಿಲ್ಲದ ಹೋಲಿಕೆ ಬೇರೆ. ಶಬ್ದಗಳ ವಿಷಯದಲ್ಲಿ ಸರ್ವಸಮ್ಮತವಾದ ಈ ವಿವೇಕವನ್ನು ಕಲ್ಲುಗಳ ವಿಷಯದಲ್ಲಿಯೂ ಪಾಲಿಸತಕ್ಕದ್ದೆಂಬುದೇ ಈ ಲೇಖನದ ತಾತ್ಪರ್ಯ.

ವಿಚಾರಕ್ಕೆ ಎತ್ತಿಕೊಂಡಿರುವ ಗ್ರಂಥವು ಫಿಲಿಪ್ ಮೆಡೋಸ್ ಟೇಲರ್ ಸಾಹೇಬರ ಲೇಖನಗಳ ಸಂಗ್ರಹವಾಗಿದೆ. ದಖ್ಖಣದ ಬೃಹತ್ ಶಿಲಾಸಮಾಧಿಗಳನ್ನೂ ಇತರ ಪ್ರಾಚೀನಾವಶೇಷಗಳನ್ನೂ ಕುರಿತು ಅವರು ಬರೆದುದನ್ನು ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಇಲಾಖೆಯವರು 1941ರಲ್ಲಿ ಒಂದು ಹೊತ್ತಗೆಯಾಗಿ ಮುದ್ರಿಸಿದರು. ಟೇಲರ್ ಸಾಹೇಬರ ಹೆಸರು ನಮ್ಮ ಭಾಗದ ವಾಚಕರಿಗೆ ಅಪರಿಚಿತವಲ್ಲ. 1808ರಲ್ಲಿ ಇಂಗ್ಲೆಂಡಿನ ಲಿವರ್ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಈ ದೇಶಕ್ಕೆ ಬಂದು, ನಿಜಾಮರ ಸೇವೆಯಲ್ಲಿ ಸೇರಿ, 1841ರಿಂದ 1853ರ ವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡವರು ಅವರು. ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ಠಕ್ಕನೊಬ್ಬನ ಆತ್ಮನಿವೇದನೆಯ ರೂಪದಲ್ಲಿ 1839ರಲ್ಲಿ ಅವರು ಬರೆದ ಕಾದಂಬರಿಯಿಂದ ಅವರಿಗೆ ಜಗತ್ತಿನಲ್ಲಿ ಕೀರ್ತಿ ಬಂದಿತು. ಆದರೆ ಕಾದಂಬರಿಕಾರನೆಂದು ಅವರನ್ನು ಮೆಚ್ಚಿದವರು ಬಹುಮಂದಿ, ಪುರಾತತ್ತ್ವಜ್ಞನೆಂದು ಓದಿದವರು ಅತ್ಯಲ್ಪ.

ಅಧಿಕಾರದ ಸಂಚಾರದಲ್ಲಿ ಅವರು ನಮ್ಮ ಸೀಮೆಯ ರಾಜನಕೋಳೂರು, ಹಗರಟಗಿ, ಶಹಾಪುರದ ಬಳಿಯ ವಿಭೂತಿಹಳ್ಳಿ, ಭೀಮಾತೀರದ ಜೇವರ್ಗಿ ಮೊದಲಾದ ಸ್ಥಳಗಳಲ್ಲಿ ಪ್ರಾಚೀನ ಶಿಲಾರಚನೆಗಳನ್ನು ಕಂಡರು. ಅವು ಮುಖ್ಯವಾಗಿ ನಾಲ್ಕು ಬಗೆ. ಮೂರು ಕಡೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸಿ ಒಂದು ಪಕ್ಕವನ್ನು ತೆರೆದಿಟ್ಟ ಕಲ್ಮನೆಗಳು; ನಾಲ್ಕು ಕಡೆಯೂ ಮುಚ್ಚಿದ, ಕೆಲವೆಡೆಗಳಲ್ಲಿ ಒಂದು ಚಪ್ಪಡಿಯಲ್ಲಿ ಗುಂಡನೆಯ ಕಿಂಡಿಯನ್ನು ಕೊರೆದಿರುವ ಕಲ್ಪೆಟ್ಟಿಗೆಗಳು; ಗೋರಿಯ ಮೇಲೆ ಕಲ್ಲುಗಳನ್ನು ರಾಶಿಹಾಕಿ ಸುತ್ತಲೂ ಕಲ್ಲಿನ ಬಳೆಯನ್ನಿಟ್ಟ ಕಲ್ಗುಪ್ಪೆಗಳು; ಮತ್ತು ವಿಭೂತಿಹಳ್ಳಿಯಲ್ಲಿರುವಂತೆ ಬಯಲಿನಲ್ಲಿ ಲೆಕ್ಕವಿಟ್ಟು ಸಾಲುಸಾಲಾಗಿ ಇಟ್ಟ ಗುಂಡುಕಲ್ಲುಗಳು. ಇವುಗಳನ್ನು ಕುರಿತು ಅವರು ಮೊದಲು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1850ರ ದಶಕದಲ್ಲಿ ಬರೆದರು. ತರುವಾಯ 1862ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ವಿದ್ವತ್ಸಭೆಯ ಮುಂದೆ ವಿಸ್ತಾರವಾದ ಪ್ರಬಂಧವನ್ನು ಓದಿದರು.

ಗ್ರಂಥಕರ್ತನ ಗುಣವನ್ನು ಮೊದಲು ಹೇಳಿ ದೋಷವನ್ನು ಬಳಿಕ ಹೇಳುವುದು ವಿಮರ್ಶಕನ ಧರ್ಮ. ಟೇಲರರ ದೊಡ್ಡ ಗುಣವೆಂದರೆ ಅವರು ಕಂಡುದನ್ನು ಅಳೆದರು, ಅಗೆದುದನ್ನು ಚಿತ್ರಿಸಿದರು. ಆ ಕಾಲದಲ್ಲಿ ಹಳೆಯ ಗೋರಿಯನ್ನು ಅಗೆಯುವುದೆಂದರೆ ನಿಧಿಶೋಧಕ್ಕೆ ಸಮಾನವಾಗಿತ್ತು. ಮೇಲಿನಿಂದ ಗುಂಡಿ ತೋಡಿ, ಚೆಲುವಾದ ವಸ್ತುವನ್ನೆತ್ತಿಕೊಂಡು, ಉಳಿದುದನ್ನು ಚೆಲ್ಲಿ ಹೋಗುವುದೇ ವಾಡಿಕೆ. ಟೇಲರರಾದರೋ ಜೇವರ್ಗಿಯ ಕಲ್ಗುಪ್ಪೆಗಳನ್ನು ತೆಗೆಸಿದಾಗ, ಹಣ್ಣನ್ನು ನಡುವೆ ಕೊಯ್ದು ಒಳಗನ್ನು ತೋರಿಸುವಂತೆ, ನೆಲದ ಸೀಳುಚಿತ್ರವನ್ನು ಬರೆದು, ಮೇಲೆ ಯಾವ ಕಲ್ಲು, ಅದರ ಕೆಳಗೆ ಯಾವ ಮಣ್ಣು, ಎಲುಬು ಎಲ್ಲಿ, ಗಡಿಗೆ ಎಲ್ಲಿ ಎಂಬುದನ್ನು ಪದರು ಪದರಾಗಿ ಗುರುತಿಸಿದರು. ಉತ್ಖನನ ಶಾಸ್ತ್ರದಲ್ಲಿ ಪ್ರಮಾಣಪುರುಷರೆನಿಸಿದ ಮಾರ್ಟಿಮರ್ ವೀಲರರು ನೂರು ವರ್ಷಗಳ ಬಳಿಕ, 1954ರ ತಮ್ಮ ಗ್ರಂಥದಲ್ಲಿ, ಈ ಸೀಳುಚಿತ್ರಗಳನ್ನು ಎತ್ತಿ ಹೊಗಳಿದುದು ಉಚಿತವಾಗಿಯೇ ಇದೆ.

ಎರಡನೆಯ ಗುಣವು ವಿಭಾಗದ ವಿವೇಕ. ಮುಚ್ಚಿದ ಕಲ್ಪೆಟ್ಟಿಗೆಗಳಲ್ಲಿ ಬೂದಿ, ಇದ್ದಿಲು, ಎಲುಬಿನ ತುಂಡು, ಮಡಕೆಗಳು ದೊರೆಯುವುವೆಂದೂ ತೆರೆದ ಕಲ್ಮನೆಗಳಲ್ಲಿ ಅಂಥವು ಕಾಣವೆಂದೂ ಅವರು ಬೇರ್ಪಡಿಸಿ ಹೇಳಿದರು. ಮೂರನೆಯದಾಗಿ, ಊರವರ ಮಾತನ್ನು ಅವರು ತಿರಸ್ಕರಿಸಲಿಲ್ಲ. ಈ ಕಲ್ಮನೆಗಳನ್ನು ಜನರು 'ಮೋರ್ಯರ ಮನೆ' ಎನ್ನುತ್ತಾರೆಂದೂ ಆ ಮೋರ್ಯರು ಬಹು ಕುಳ್ಳಾದ ಒಂದು ಜನಾಂಗವೆಂದು ನಂಬಿದ್ದಾರೆಂದೂ ಅವರು ದಾಖಲೆ ಮಾಡಿದುದರಿಂದಲೇ, ಈ ನಂಬಿಕೆಯು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಇಲ್ಲಿ ಬೇರೂರಿತ್ತೆಂದು ನಾವು ನಿಶ್ಚಯವಾಗಿ ಹೇಳಬಹುದಾಗಿದೆ.

ಇನ್ನು ದೋಷ. ಡಬ್ಲಿನ್ನಿನ ಪ್ರಬಂಧಕ್ಕೆ ಅವರು ಕೊಟ್ಟ ಶಿರೋನಾಮೆಯಲ್ಲಿಯೇ ಈ ಸಮಾಧಿಗಳು ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಜನರವೆಂಬ ಮಾತು ಸೇರಿಹೋಗಿದೆ. ಕೆಲ್ಟರು ಪಶ್ಚಿಮ ಯುರೋಪಿನ ಪ್ರಾಚೀನರು. ಡ್ರೂಯಿಡರು ಅವರ ಪುರೋಹಿತರು. ಸಿಥಿಯನ್ನರನ್ನು ನಾವು ಶಕರೆಂದು ಬಲ್ಲೆವು. ಯುರೋಪಿನಲ್ಲಿ ಇಂಥ ಕಲ್ಮನೆಗಳಿವೆ, ಇಲ್ಲಿಯೂ ಇವೆ, ಎರಡೂ ಒಂದೇ ತೆರನಾಗಿವೆ. ಆದುದರಿಂದ ಎರಡನ್ನೂ ಕಟ್ಟಿದವರು ಒಂದೇ ಮೂಲದ ಜನರು: ಇದು ಪೂರ್ವಪಕ್ಷ. ಟೇಲರರೊಬ್ಬರೇ ಹೀಗೆ ಹೇಳಿದವರಲ್ಲ. ಅವರ ಕಾಲದ ವಿದ್ವಾಂಸರಲ್ಲಿ ಬಹುಮಂದಿಯ ಮತವು ಇದೇ ಆಗಿತ್ತು. ಯುರೋಪಿನ ಕಲ್ಮನೆಗಳು ಕೆಲ್ಟರಿಗಿಂತ ಸಾವಿರಾರು ವರ್ಷ ಹಳೆಯವೆಂದು ಮುಂದೆ ಸಿದ್ಧವಾದುದರಿಂದ ಆ ಹೆಸರು ಅಲ್ಲಿಯೇ ಬಿದ್ದುಹೋಯಿತು. ಹೆಸರು ಬಿದ್ದರೂ ಹೆಸರಿಟ್ಟ ಯುಕ್ತಿಯು ಬೀಳಲಿಲ್ಲ. ಇಂದಿಗೂ ಯಾರಾದರೊಬ್ಬರು ಪರದೇಶದ ಕಲ್ಲಿನ ಚಿತ್ರವನ್ನು ನಮ್ಮ ಕಲ್ಲಿನ ಚಿತ್ರದ ಪಕ್ಕದಲ್ಲಿಟ್ಟು ಸಂಬಂಧವನ್ನು ಘೋಷಿಸುವುದುಂಟು. ಆದುದರಿಂದ ಯುಕ್ತಿಯನ್ನೇ ಪರೀಕ್ಷಿಸಬೇಕು.

ತರ್ಕಶಾಸ್ತ್ರದಲ್ಲಿ ಮೊದಲ ಪಾಠವನ್ನೋದಿದ ವಿದ್ಯಾರ್ಥಿಯೂ ಇದನ್ನು ಬಲ್ಲನು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು. ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಲಾಗದು. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆಯ ಸಂಬಂಧವಿದ್ದಲ್ಲಿ ಮಾತ್ರವೇ ಬೆಂಕಿಯು ಹೊಗೆಯನ್ನು ಹುಟ್ಟಿಸುವುದು. ಈ ಹಸಿ ಸೌದೆಗೆ ಶಾಸ್ತ್ರದಲ್ಲಿ ಉಪಾಧಿಯೆಂದು ಹೆಸರು. ಹಾಗೆಯೇ ಆಕಾರದ ಸಾಮ್ಯವೊಂದೇ ಬಾಂಧವ್ಯವನ್ನು ಸಾಧಿಸದು. ಎರಡು ರಚನೆಗಳ ಕಾಲವು ಹೊಂದಬೇಕು. ನಡುವಿನ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಕುರುಹು ಸಿಕ್ಕಬೇಕು. ಒಳಗಿಟ್ಟ ವಸ್ತುಗಳಲ್ಲಿಯೂ ಕಟ್ಟಿದ ಉದ್ದೇಶದಲ್ಲಿಯೂ ಸಂಬಂಧ ತೋರಬೇಕು. ಇವೇ ಇಲ್ಲಿಯ ಹಸಿ ಸೌದೆ. ಇವಿಲ್ಲದಿದ್ದರೆ ಸಾಮ್ಯವೆಂಬ ಹೇತುವು ವ್ಯಭಿಚಾರಿಯಾಗುವುದು. ಅಷ್ಟೇ ಅಲ್ಲ, ಆ ಸಾಮ್ಯವನ್ನು ಬೇರೆ ರೀತಿಯಿಂದಲೂ ವಿವರಿಸಬಹುದು. ಚಪ್ಪಡಿಯಾಗಿ ಏಳುವ ಕಲ್ಲು ದೊರೆಯುವ ಎಡೆಯಲ್ಲಿ, ಸತ್ತವರಿಗೆ ಕೆಡದ ಮನೆಯೊಂದನ್ನು ಮಾಡಬೇಕೆಂದು ಬಯಸಿದ ಯಾವ ಜನರಾದರೂ ಕಲ್ಲುಗಳನ್ನು ನಿಲ್ಲಿಸಿ ಮೇಲೊಂದನ್ನು ಹೊದಿಸದೆ ಮತ್ತೇನು ಮಾಡಿಯಾರು? ಆಟದಲ್ಲಿ ಮನೆ ಕಟ್ಟುವ ಮಕ್ಕಳು ಕೂಡ ಮಾಡುವುದು ಇದನ್ನೇ. ಕಲ್ಲಿನ ಸ್ವಭಾವವೂ ಮನುಷ್ಯನ ಬಯಕೆಯೂ ಸೇರಿ ಹುಟ್ಟಿಸಿದ ಹೋಲಿಕೆಗೆ ವಲಸೆಯ ಕಥೆಯು ಬೇಕಾಗುವುದಿಲ್ಲ.

ಇದು ಕೇವಲ ತರ್ಕದ ಮಾತಲ್ಲವೆಂಬುದಕ್ಕೆ ಭೂಮಧ್ಯಸಮುದ್ರದ ಮಾಲ್ಟಾ ದ್ವೀಪದ ಚರಿತ್ರೆಯೇ ಸಾಕ್ಷಿ. ಸಿಸಿಲಿಯ ದಕ್ಷಿಣಕ್ಕಿರುವ ಈ ಪುಟ್ಟ ದ್ವೀಪದಲ್ಲಿಯೂ ಅದರ ತಂಗಿಯಂತಿರುವ ಗೋಜೊ ದ್ವೀಪದಲ್ಲಿಯೂ ಮಹಾಶಿಲೆಗಳಿಂದ ಕಟ್ಟಿದ ದೇವಾಲಯಗಳಿವೆ. ಅವುಗಳಲ್ಲಿ ತಾರ್ಶೀನ್ ಎಂಬಲ್ಲಿಯ ಶಿಲೆಗಳ ಮೇಲೆ ಸುರುಳಿ ಸುರುಳಿಯಾದ ಕೆತ್ತನೆಯಿದೆ. ಗ್ರೀಸಿನ ಮೈಸೀನಿ ನಗರದ ಅವಶೇಷಗಳಲ್ಲಿಯೂ ಸುರುಳಿಯ ಕೆತ್ತನೆಯುಂಟು. ಇದನ್ನು ಕಂಡ ವಿದ್ವಾಂಸರು, ನಾಗರಿಕರಾದ ಗ್ರೀಸಿನವರಿಂದ ಮಾಲ್ಟಾದವರು ಈ ಶಿಲ್ಪವನ್ನು ಕಲಿತರೆಂದು ಬಹುಕಾಲ ನಂಬಿದ್ದರು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕಾಲವನ್ನಳೆಯುವ ಹೊಸ ವಿಧಾನವೊಂದು ದೊರೆಯಿತು. ಸಸ್ಯಪ್ರಾಣಿಗಳ ದೇಹದಲ್ಲಿರುವ ಒಂದು ಬಗೆಯ ಇಂಗಾಲವು ಅವು ಸತ್ತ ಮೇಲೆ ಕ್ರಮವಾಗಿ ಕ್ಷಯಿಸುತ್ತ ಸುಮಾರು 5730 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುವುದು. ಉಳಿದುದನ್ನು ಅಳೆದರೆ ಸತ್ತ ಕಾಲವು ತಿಳಿಯುವುದು. ಮರಗಳ ವರ್ಷಬಳೆಗಳನ್ನೆಣಿಸಿ ಈ ಲೆಕ್ಕವನ್ನು ತಿದ್ದಿ ನೋಡಿದಾಗ, ಗೋಜೊದ ಜಗಂತೀಯಾ ದೇವಾಲಯವು ಕ್ರಿಸ್ತಪೂರ್ವ ಸುಮಾರು 3600ರಷ್ಟು ಹಳೆಯದೆಂದೂ ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಪ್ರಾಚೀನವೆಂದೂ ತೋರಿಬಂದಿತು. ಮೈಸೀನಿಯ ವೈಭವವಾದರೋ ಅದಕ್ಕಿಂತ ಬಹು ಈಚಿನದು. ಶಿಷ್ಯನು ಗುರುವಿಗಿಂತ ಸಾವಿರಾರು ವರ್ಷ ಮೊದಲೇ ಹುಟ್ಟಿದಂತಾಯಿತು! ಕಾಲಿನ್ ರೆನ್‌ಫ್ರೂ ಎಂಬ ಪಂಡಿತರು 1973ರ ತಮ್ಮ ಗ್ರಂಥದಲ್ಲಿ ಈ ವಿಪರ್ಯಾಸವನ್ನು ಸವಿಸ್ತಾರವಾಗಿ ನಿರೂಪಿಸಿರುವರು.

ನಮ್ಮ ಕಲ್ಮನೆಗಳನ್ನು ಮಾಲ್ಟಾದವುಗಳೊಡನೆ ಹೋಲಿಸಿದರೆ ಏನಾಗುವುದೆಂದು ನೋಡೋಣ. ಮಾಲ್ಟಾದ ದೇವಾಲಯಗಳನ್ನು ಕಟ್ಟಿದವರು ಯಾವ ಲೋಹವನ್ನೂ ಬಳಸಲಿಲ್ಲ. ಅವರ ಕಟ್ಟಡದ ಕಾಲವು ಕ್ರಿಸ್ತಪೂರ್ವ 2500ರ ಸುಮಾರಿಗೆ ಮುಗಿಯಿತು. ನಮ್ಮ ಬೃಹತ್ ಶಿಲಾಸಮಾಧಿಗಳಲ್ಲಿ ಕಬ್ಬಿಣದ ಆಯುಧಗಳೂ, ಒಳಗೂ ಬಾಯಿಯಲ್ಲಿಯೂ ಕಪ್ಪಾಗಿ ಹೊರಗೆ ಕೆಂಪಾಗಿರುವ ಮಡಕೆಗಳೂ ದೊರೆಯುವುವು. ವೀಲರರು 1947ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಗೆದು, ಇವು ಕ್ರಿಸ್ತಪೂರ್ವ ಎರಡನೆಯ ಶತಮಾನದಿಂದೀಚಿನವೆಂದು ಹೇಳಿದ್ದರು; ತುಂಗಭದ್ರಾತೀರದ ಹಳ್ಳೂರು ಮೊದಲಾದ ಕಡೆಗಳ ಇಂಗಾಲದ ಪರೀಕ್ಷೆಯು ನಮ್ಮ ನಾಡಿನ ಕಬ್ಬಿಣದ ಕಾಲವನ್ನು ಕ್ರಿಸ್ತಪೂರ್ವ ಸಾವಿರದ ವರೆಗೆ ಹಿಂದಕ್ಕೆ ಒಯ್ದಿತು. ಹಾಗಿದ್ದರೂ ಮಾಲ್ಟಾದ ಕೊನೆಗೂ ನಮ್ಮ ಮೊದಲಿಗೂ ನಡುವೆ ಸಾವಿರಕ್ಕೆ ಮೀರಿದ ವರ್ಷಗಳ ಅಂತರ ಉಳಿಯುವುದು. ಅಲ್ಲಿಯವು ದೇವರ ಮನೆಗಳು, ಇಲ್ಲಿಯವು ಪ್ರಾಯಶಃ ಸತ್ತವರ ಮನೆಗಳು. ಅಲ್ಲಿ ಲೋಹವಿಲ್ಲ, ಇಲ್ಲಿ ಕಬ್ಬಿಣವಿದೆ. ದೊಡ್ಡ ಕಲ್ಲೆಂಬುದೊಂದನ್ನು ಬಿಟ್ಟರೆ ಸಾಮ್ಯವು ಎಲ್ಲಿ ಉಳಿಯಿತು?

ಸಾರ್ಡಿನಿಯಾ ದ್ವೀಪವು ನಮಗೆ ಬೇರೊಂದು ಪಾಠವನ್ನು ಹೇಳುವುದು. ಇಟಲಿಗೆ ಸೇರಿದ ಈ ದ್ವೀಪದಲ್ಲಿ ನುರಾಗೆಗಳೆಂಬ ಕಲ್ಲಿನ ಬುರುಜುಗಳು ಸುಮಾರು 7000 ಇರುವುವು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನಿಟ್ಟು ಕಟ್ಟಿದ ಇವುಗಳಲ್ಲಿ ಬರುಮಿನಿ ಎಂಬ ಊರಿನದು ಪ್ರಸಿದ್ಧ. ಆ ಬುರುಜುಗಳ ಕಾಲದವರು ತಮ್ಮ ಸತ್ತವರನ್ನು ಒಟ್ಟಾಗಿ ಇಡುತ್ತಿದ್ದ ಉದ್ದನೆಯ ಶಿಲಾಸಮಾಧಿಗಳಿಗೆ ಅಲ್ಲಿಯ ಜನರು 'ದೈತ್ಯರ ಗೋರಿ' ಎನ್ನುತ್ತಾರೆ. ಅವುಗಳಿಗಿಂತಲೂ ಹಳೆಯದಾದ, ಬಂಡೆಯಲ್ಲಿ ಕೊರೆದ ಸಣ್ಣ ಬಾಗಿಲುಗಳ ಸಮಾಧಿಗಳಿಗೆ 'ದೋಮುಸ್ ದೆ ಜಾನಾಸ್' ಎಂದರೆ ಜಾನಾಗಳ ಮನೆಗಳೆಂದು ಹೆಸರು. ಜಾನಾ ಎಂದರೆ ಅವರ ಕಥೆಗಳಲ್ಲಿ ಬರುವ ಪುಟಾಣಿ ಯಕ್ಷಿಣಿ. ಮಾಲ್ಟಾದವರ ಜಗಂತೀಯಾ ಎಂಬ ಹೆಸರಿಗೂ ದೈತ್ಯರ ತಾಣವೆಂದೇ ಅರ್ಥ.

ವಾಚಕರು ಇಲ್ಲಿ ಗಮನಿಸತಕ್ಕ ವಿಷಯವಿದೆ. ಒಂದೇ ದ್ವೀಪದ ಜನರು ದೊಡ್ಡ ಗೋರಿಯನ್ನು ಕಂಡು ದೈತ್ಯರನ್ನೂ ಸಣ್ಣ ಬಾಗಿಲನ್ನು ಕಂಡು ಕುಳ್ಳರನ್ನೂ ಕಲ್ಪಿಸಿಕೊಂಡರು. ಜೇನಿನ ಗೂಡನ್ನು ನೋಡಿ ಜೇನಿನ ಗಾತ್ರವನ್ನು ಹೇಳುವಂತೆ, ಬಾಗಿಲಿನ ಅಳತೆಯಿಂದ ನಿವಾಸಿಯ ಅಳತೆಯನ್ನು ಅವರು ತೆಗೆದರು. ನಮ್ಮ ಕಲ್ಪೆಟ್ಟಿಗೆಯ ಕಿಂಡಿಯಲ್ಲಿ ಬೆಳೆದ ಮನುಷ್ಯನು ನುಸುಳಲಾರನು. ಕಲ್ಮನೆಯೊಳಗೆ ನೆಟ್ಟಗೆ ನಿಲ್ಲಲಾರನು. ಆದಕಾರಣ ಇಲ್ಲಿ ವಾಸಿಸಿದ್ದವರು ಕುಳ್ಳರಾದ ಮೋರ್ಯರೆಂದು ನಮ್ಮವರು ನಿಷ್ಕರ್ಷೆ ಮಾಡಿದರು. ಬಳ್ಳಾರಿ ಸೀಮೆಯ ಕುಡತಿನಿಯ ಬೂದಿದಿಬ್ಬವನ್ನು ಕಂಡವರು, ಇಷ್ಟು ಬೂದಿಯಾಗಬೇಕಾದರೆ ಸುಟ್ಟ ದೇಹವೂ ಅಷ್ಟೇ ದೊಡ್ಡದಾಗಿರಬೇಕೆಂದು ಅದನ್ನು ಹಿಡಿಂಬಾಸುರನದೆಂದರು. ನಮ್ಮ ಕೋಡೇಕಲ್, ಬೂದಿಹಾಳಗಳಲ್ಲಿಯೂ ಇಂಥ ದಿಬ್ಬಗಳುಂಟು. ಅವು ನವಶಿಲಾಯುಗದ ದನಗಾಹಿಗಳ ಹಟ್ಟಿಯ ಸಗಣಿಯು ಉರಿದು ಆದ ರಾಶಿಗಳೆಂದು ಉತ್ಖನನದಿಂದ ತಿಳಿದಿದೆ. ಈ ಕಥೆಗಳನ್ನು ಮೌಢ್ಯವೆಂದು ನಗುವುದು ಸರಿಯಲ್ಲ. ಇವು ಕಣ್ಣಿಗೆ ಕಂಡ ಅಳತೆಯಿಂದ ಕಾಣದ ಕರ್ತೃವನ್ನು ಊಹಿಸಿದ ಅನುಮಾನಗಳು. ಮನೆಯೆಂಬುದು ಬದುಕಿದವರಿಗಾಗಿಯೇ ಇರತಕ್ಕದ್ದೆಂಬ ಒಂದು ಮೂಲಪ್ರತಿಜ್ಞೆಯು ತಪ್ಪಿತು. ಉಳಿದ ಯುಕ್ತಿಯು ಕ್ರಮವಾಗಿಯೇ ಇದೆ. ಸಾರ್ಡಿನಿಯಾದ ಕುರುಬನು ನಮ್ಮ ಹಗರಟಗಿಯ ಒಕ್ಕಲಿಗನನ್ನು ಎಂದೂ ಕಂಡವನಲ್ಲ. ಆದರೂ ಇಬ್ಬರೂ ಒಂದೇ ಉತ್ತರವನ್ನು ಹೇಳಿದರು. ಕಥೆಯು ಸಂಪರ್ಕವಿಲ್ಲದೆ ಎರಡು ಕಡೆ ಹುಟ್ಟಬಹುದಾದರೆ, ಕಲ್ಮನೆಯೂ ಹಾಗೆ ಹುಟ್ಟಲಾರದೆಂದು ಹೇಳುವುದು ಹೇಗೆ?

ವಿದೇಶೀಯರನ್ನು ಮಾತ್ರ ಆಕ್ಷೇಪಿಸಿ ನಮ್ಮವರನ್ನು ಬಿಟ್ಟುಬಿಡುವುದು ಪಕ್ಷಪಾತವಾದೀತು. 'ಮೋರ್ಯ' ಎಂಬ ಹೆಸರನ್ನು ಕೇಳಿದೊಡನೆಯೇ ಇದು ಮೌರ್ಯ ಶಬ್ದದ ತದ್ಭವ, ಆದುದರಿಂದ ಈ ಗೋರಿಗಳು ಅಶೋಕನ ವಂಶದವರವು ಎನ್ನುವ ಪಂಡಿತರು ನಮ್ಮಲ್ಲಿ ಉಂಟು. ಪಾಲಿಯಲ್ಲಿ ಮೌರ್ಯರಿಗೆ ಮೋರಿಯರೆಂಬ ಹೆಸರಿರುವುದು ನಿಜ. ಅಶೋಕನ ಶಾಸನವು 1915ರಲ್ಲಿ ಕೃಷ್ಣೆಯ ಆಚೆಯ ಮಸ್ಕಿಯಲ್ಲಿ ದೊರೆತುದೂ ನಿಜ. ಆದರೆ ಅಶೋಕನು ಕ್ರಿಸ್ತಪೂರ್ವ ಮೂರನೆಯ ಶತಮಾನದವನು. ಈ ಬಗೆಯ ಸಮಾಧಿಗಳಲ್ಲಿ ಎಷ್ಟೋ ಅವನಿಗಿಂತ ಹಳೆಯವು. ಅರಸರ ಹೆಸರು ಕುಳ್ಳರಿಗೆ ಹೇಗೆ ಬಂದಿತೆಂಬುದನ್ನೂ ಈ ಪಂಡಿತರು ಹೇಳುವುದಿಲ್ಲ. ಪುರಾಣದ ವಾಲಖಿಲ್ಯರು ಅಂಗುಷ್ಠಮಾತ್ರರಾದ ಋಷಿಗಳಲ್ಲವೆ, ಅವರ ಆಶ್ರಮಗಳೇ ಇವು ಎನ್ನುವುದೂ ಇದೇ ಜಾತಿಯ ಮಾತು. ಕೊಡಗಿನಲ್ಲಿ ಇವುಗಳನ್ನೇ ಪಾಂಡವರಿಗೆ ಕಟ್ಟಿದ್ದಾರೆ. ಟೇಲರರು ಆಕಾರದ ಸಾಮ್ಯದಿಂದ ಡ್ರೂಯಿಡರನ್ನು ಕರೆತಂದರೆ, ನಾವು ಅಕ್ಷರದ ಸಾಮ್ಯದಿಂದ ಮೌರ್ಯರನ್ನು ಕರೆತಂದೆವು, ಹೇತ್ವಾಭಾಸವು ಒಂದೇ.

ದೇವಾಪುರದವನಾದ ನಾನು ಇದನ್ನು ಹೇಳುವಾಗ ನಮ್ಮೂರಿನ ಪ್ರಸಂಗವೊಂದನ್ನೂ ಮರೆಮಾಚಲಾಗದು. ಜೈಮಿನಿ ಭಾರತವನ್ನು ಬರೆದ ಲಕ್ಷ್ಮೀಶನ ದೇವಪುರವು ಕಡೂರು ಸೀಮೆಯ ದೇವನೂರೆಂದು ಹೆಚ್ಚಿನ ವಿದ್ವಾಂಸರ ಮತ; ಅದು ಸುರಪುರದ ಈ ದೇವಾಪುರವೇ ಎಂದು ವಾದಿಸಿದವರೂ ಉಂಟು. ಮಹಾಕವಿಯು ತನ್ನ ಊರಿನವನಾದರೆ ಯಾರಿಗೆ ಹರ್ಷವಾಗದು? ಆದರೆ ಹರ್ಷವು ಪ್ರಮಾಣವಲ್ಲ. ಊರಿನ ಹೆಸರು ಒಂದಾದುದು ವಿಚಾರಕ್ಕೆ ಆರಂಭವಾಗಬಲ್ಲುದೇ ಹೊರತು ನಿರ್ಣಯವಾಗಲಾರದು. ನಮ್ಮೂರಿನ ಗೌರವದ ವಿಷಯದಲ್ಲಿ ಯಾವ ತಕ್ಕಡಿಯನ್ನು ಹಿಡಿಯುವೆವೋ ಅದೇ ತಕ್ಕಡಿಯಲ್ಲಿ ಟೇಲರರ ಮಾತನ್ನೂ ತೂಗುವುದು ನ್ಯಾಯ.

'ಹಾಗಾದರೆ ದ್ವೀಪಾಂತರಗಳ ಕಲ್ಲುಗಳನ್ನು ನೋಡುವುದರಿಂದ ಪ್ರಯೋಜನವೇನು?' ಎಂದು ಯಾರಾದರೂ ಕೇಳಬಹುದು. ಪ್ರಯೋಜನವು ಬಹಳವಿದೆ. ಹೋಲಿಕೆಯು ಉತ್ತರವನ್ನು ಕೊಡದಿದ್ದರೂ ಪ್ರಶ್ನೆಯನ್ನು ಕೊಡುವುದು. ಮಾಲ್ಟಾದ ಹಾಲ್ ಸಫ್ಲಿಯೇನಿ ಎಂಬಲ್ಲಿ ಬಂಡೆಯನ್ನು ಕೊರೆದು ಮಾಡಿದ ನೆಲಮಾಳಿಗೆಯೊಂದಿದೆ. ಮನೆ ಕಟ್ಟುವವರು ನೀರಿನ ತೊಟ್ಟಿಗಾಗಿ ತೋಡುವಾಗ 1902ರಲ್ಲಿ ಅದು ಹೊರಬಿದ್ದಿತು. ಅಲ್ಲಿ ಸುಮಾರು 7000 ಜನರ ಎಲುಬುಗಳು ಇದ್ದುವೆಂದು ಅಂದಾಜು. ಒಮ್ಮೆ ಒಬ್ಬನಿಗಾಗಿ ಕೊರೆದುದಲ್ಲ. ತಲೆತಲಾಂತರವಾಗಿ ಹಳೆಯ ಎಲುಬುಗಳನ್ನು ಸರಿಸಿ ಹೊಸಬರಿಗೆ ಎಡೆಮಾಡುತ್ತ ಬಂದ ಸ್ಥಳವದು. ಇದನ್ನರಿತ ಬಳಿಕ ನಮ್ಮ ಕಲ್ಪೆಟ್ಟಿಗೆಯ ಕಿಂಡಿಯ ಮುಂದೆ ನಿಂತರೆ ಮನಸ್ಸಿನಲ್ಲಿ ಬೇರೆಯ ಪ್ರಶ್ನೆಯು ಏಳುವುದು: ಈ ಕಿಂಡಿಯು ಒಳಗಿನವರಿಗಾಗಿಯೋ, ಹೊರಗಿನವರು ಮತ್ತೆ ಮತ್ತೆ ಎಲುಬನ್ನೋ ಎಡೆಯನ್ನೋ ಒಳಗಿಡುವುದಕ್ಕಾಗಿಯೋ? ಜೇವರ್ಗಿಯ ಕಲ್ಗುಪ್ಪೆಗಳಲ್ಲಿ ತಲೆಬುರುಡೆಗಳು ಮುಂಡದಿಂದ ಬೇರ್ಪಟ್ಟುದನ್ನು ಕಂಡ ಟೇಲರರು ನರಬಲಿಯನ್ನು ಊಹಿಸಿದರು. ದೇಹವನ್ನು ಮೊದಲು ಬೇರೆಡೆಯಲ್ಲಿಟ್ಟು, ಎಲುಬುಗಳನ್ನು ಆಯ್ದು ತಂದು ಗೋರಿಯಲ್ಲಿಡುವ ವಿಧಿಯು ನಮ್ಮ ದಕ್ಷಿಣದೇಶದ ಇಂಥ ಎಷ್ಟೋ ಸಮಾಧಿಗಳಲ್ಲಿ ಕಂಡುಬಂದಿದೆ. ಅಸ್ಥಿಸಂಚಯನವು ನಮ್ಮ ಗೃಹ್ಯಸೂತ್ರಗಳಿಗೂ ಪರಿಚಿತವಾದ ಕರ್ಮ. ಬಲಿಯೆಂದು ನಿರ್ಣಯಿಸುವ ಮುನ್ನ ಈ ಪಕ್ಷವನ್ನು ಪರಿಹರಿಸಬೇಕಾಗಿತ್ತು. ಬುರುಡೆಯು ಎಲ್ಲಿತ್ತೆಂಬುದು ಕಂಡ ಸಂಗತಿ, ಬಲಿಯೆಂಬುದು ಊಹೆ. ಟೇಲರರು ಚಿತ್ರವನ್ನು ಬರೆದಿಟ್ಟುದರಿಂದಲೇ ಇಂದು ನಾವು ಇವೆರಡನ್ನೂ ಬೇರ್ಪಡಿಸಬಲ್ಲೆವು. ಅವರ ತಪ್ಪನ್ನು ತೋರಿಸುವ ಸಾಧನವನ್ನು ಅವರೇ ನಮ್ಮ ಕೈಗೆ ಕೊಟ್ಟುಹೋಗಿರುವರು. ಗ್ರಂಥಕರ್ತನಿಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಯಾವುದು?

ಇದಕ್ಕೆ ವ್ಯತಿರೇಕದ ಉದಾಹರಣೆಯೂ ಆ ನೆಲಮಾಳಿಗೆಯಲ್ಲಿಯೇ ದೊರೆಯುವುದು. ಅದನ್ನು ಮೊದಲು ಅಗೆಸಿದವರು ಮಾಗ್ರಿ ಎಂಬ ಕ್ರೈಸ್ತ ಪಾದ್ರಿಗಳು. ಅವರು ಸಾಮಾನ್ಯರಲ್ಲ, ಮಾಲ್ಟಾದ ಜನಪದ ಕಥೆಗಳನ್ನು ಊರೂರು ತಿರುಗಿ ಸಂಗ್ರಹಿಸಿದ ವಿದ್ವಾಂಸರು. ಅವರು 1907ರಲ್ಲಿ ಆಫ್ರಿಕಾದ ಟ್ಯುನೀಸಿಯ ದೇಶದಲ್ಲಿ ತೀರಿಕೊಂಡರು. ಅವರ ಉತ್ಖನನದ ಟಿಪ್ಪಣಿಗಳು ಮತ್ತೆ ಸಿಕ್ಕಲಿಲ್ಲ. ಬಳಿಕ ಬಂದ ಟೆಮಿ ಜಾಮಿತ್ ಎಂಬ ವೈದ್ಯರು ಉಳಿದುದನ್ನು ಎಷ್ಟೇ ಜಾಗರೂಕತೆಯಿಂದ ಶೋಧಿಸಿದರೂ, ಮೊದಲು ಹೊರಹಾಕಿದ ಎಲುಬುಗಳು ಯಾವ ಕ್ರಮದಲ್ಲಿದ್ದುವೆಂಬುದನ್ನು ಇನ್ನು ಯಾರೂ ಹೇಳುವಂತಿಲ್ಲ. ಕಲ್ಲು ಉಳಿದು ಬರಹವು ಅಳಿದುದರ ಫಲವಿದು. ನಮ್ಮಲ್ಲಿಯಾದರೋ ಎಷ್ಟೋ ಎಡೆಗಳಲ್ಲಿ ಬರಹವು ಉಳಿದು ಕಲ್ಲು ಅಳಿಯುತ್ತಲಿದೆ.

ಈ ಕೊನೆಯ ಮಾತೇ ನನ್ನನ್ನು ಈ ಲೇಖನಕ್ಕೆ ಪ್ರೇರಿಸಿದುದು. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟಾಗಿ ಕಾಲುವೆಗಳು ಹರಿದ ಮೇಲೆ ನಮ್ಮ ಸೀಮೆಯ ಒಣಭೂಮಿಯು ಗದ್ದೆಯಾಯಿತು. ಇದು ಸಂತೋಷದ ಸಂಗತಿ. ಮಳೆಯಿಲ್ಲದೆ ಗುಳೆ ಹೋಗುತ್ತಿದ್ದ ಒಕ್ಕಲಿಗನ ಮನೆಯಲ್ಲಿ ಅನ್ನವಾಗುವುದನ್ನು ಯಾರೂ ಬೇಡವೆನ್ನಲಾರರು. ಆದರೆ ನೀರು ಬಂದ ನೆಲವನ್ನು ಮಟ್ಟಮಾಡಬೇಕಾಗುವುದು. ಮಟ್ಟಮಾಡುವಾಗ ನಡುವೆ ಬಂದ ಕಲ್ಲು ಬದುವಿಗೆ ಹೋಗುವುದು, ಚಪ್ಪಡಿಯು ಹಾಸುಗಲ್ಲಾಗುವುದು. ಹುಣಸಗಿಯ ಕಣಿವೆಯಲ್ಲಿ ಇಸಾಂಪುರದಂಥ ಸ್ಥಳವುಂಟು. ಅಲ್ಲಿಯ ಆದಿಮಾನವನ ಕಲ್ಲಿನ ಆಯುಧಗಳ ಕಾರ್ಖಾನೆಯು ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಪದ್ದಯ್ಯನವರೂ ಅವರ ಸಹೋದ್ಯೋಗಿಗಳೂ 2002ರಲ್ಲಿ ಪ್ರಕಟಿಸಿರುವರು. ಇಂಥ ನೆಲದಲ್ಲಿ ನೇಗಿಲಿಗೆ ಸಿಕ್ಕುವ ಪ್ರತಿಯೊಂದು ಕಲ್ಲೂ ಕಲ್ಲಷ್ಟೇ ಎಂದು ಹೇಳುವುದು ಕಷ್ಟ. ಮಾಲ್ಟಾದ ನೆಲಮಾಳಿಗೆಗೆ ದಿನಕ್ಕೆ 80 ಜನರಿಗಿಂತ ಹೆಚ್ಚಾಗಿ ಒಳಬಿಡುವುದಿಲ್ಲ. ಉಸಿರಿನ ತೇವದಿಂದ ಕಲ್ಲು ಕೆಡಬಾರದೆಂದು ಅಷ್ಟು ಎಚ್ಚರ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದಲ್ಲಿ ಸುಮಾರು 400 ಇಂಥ ರಚನೆಗಳು ಉಳಿದಿರುವುದಕ್ಕೆ ಆ ಬೆಟ್ಟದ ದುರ್ಗಮತ್ವವೂ ಒಂದು ಕಾರಣವೆಂದು ತೋರುತ್ತದೆ. ನಮ್ಮವು ಬಯಲಿನಲ್ಲಿವೆ; ಅವುಗಳಿಗೆ ಬೆಟ್ಟದ ಕಾವಲಿಲ್ಲ.

ಆದುದರಿಂದ ಈ ಪತ್ರಿಕೆಯ ವಾಚಕರಲ್ಲಿ, ವಿಶೇಷವಾಗಿ ಹಳ್ಳಿಗಳ ಶಾಲೆಗಳಲ್ಲಿ ಪಾಠ ಹೇಳುವ ಉಪಾಧ್ಯಾಯರಲ್ಲಿ, ನನ್ನ ವಿಜ್ಞಾಪನೆಯಿಷ್ಟೆ. ತಮ್ಮ ಊರಿನ ಹೊಲದಲ್ಲಿ ಇಂಥ ಕಲ್ಲುಗಳಿದ್ದರೆ, ಇವನ್ನು ಕಟ್ಟಿದವರು ಯಾರೆಂಬ ಚರ್ಚೆಯನ್ನು ಸದ್ಯಕ್ಕೆ ಬದಿಗಿಡಿರಿ. ಎಷ್ಟು ಕಲ್ಲು, ಯಾವ ಜಾತಿಯ ಕಲ್ಲು, ಎಷ್ಟು ಉದ್ದ, ಎಷ್ಟು ಅಗಲ, ಯಾವ ದಿಕ್ಕಿಗೆ ಬಾಯಿ, ಕಿಂಡಿಯಿದ್ದರೆ ಎಷ್ಟು ಗೇಣು, ಹೊಲದ ಹೆಸರೇನು, ಊರ ಹಿರಿಯರು ಅದಕ್ಕೆ ಏನೆನ್ನುತ್ತಾರೆ, ಅವರು ಹೇಳುವ ಕಥೆ ಯಾವುದು ಎಂಬಿಷ್ಟನ್ನು, ಹಿರಿಯರ ಮಾತನ್ನು ತಿದ್ದದೆ, ಅವರ ಬಾಯಲ್ಲಿ ಬಂದಂತೆಯೇ ಬರೆದಿಡಿರಿ. ಅಗೆಯಬೇಡಿರಿ, ಅಗೆಯುವುದು ಬಲ್ಲವರ ಕೆಲಸ. ನಮ್ಮ ವಿದ್ಯಾರ್ಥಿಗಳು ಹೀಗೆ ಒಂದೊಂದು ಊರಿನ ಒಂದೊಂದು ಹಾಳೆಯನ್ನು ಬರೆದರೂ ಟೇಲರರು ಆರಂಭಿಸಿದ ಗ್ರಂಥವು ಮುಂದುವರಿಯುವುದು.

ಟೇಲರರು 1876ರಲ್ಲಿ ಫ್ರಾನ್ಸಿನ ಮಾಂತೋನ್ ಪಟ್ಟಣದಲ್ಲಿ, ಅದೇ ಭೂಮಧ್ಯಸಮುದ್ರದ ದಡದಲ್ಲಿ, ದೇಹಬಿಟ್ಟರು. ಅವರ ಗ್ರಂಥವನ್ನು ಓದುವವರು ಅದರ ಶಿರೋನಾಮೆಯನ್ನು ಬಿಟ್ಟು ಅಳತೆಗಳನ್ನು ಹಿಡಿಯಬೇಕು. ಡ್ರೂಯಿಡರನ್ನು ಬಿಟ್ಟು ಸೀಳುಚಿತ್ರಗಳನ್ನು ಹಿಡಿಯಬೇಕು. ಕನ್ನಡಿಸುವ ಸಾಹಸಕ್ಕೆ ಕೈಯಿಡುವವರು ಅವರ ಇಂಗ್ಲಿಷ್ ಅಕ್ಷರಗಳಲ್ಲಿ ವಿಕಾರಗೊಂಡ ನಮ್ಮ ಊರುಗಳ ಹೆಸರನ್ನು ಸರಿಪಡಿಸಿ, ಪ್ರತಿಯೊಂದು ಸ್ಥಳಕ್ಕೂ ಹೋಗಿ, ಅಂದು ಇದ್ದುವುಗಳಲ್ಲಿ ಇಂದು ಎಷ್ಟು ಉಳಿದಿವೆ ಎಂಬುದನ್ನು ಪುಟದ ಅಡಿಯಲ್ಲಿ ಬರೆದರೆ, ಆ ಅಡಿಟಿಪ್ಪಣಿಯೇ ಮೂಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾದೀತು.